ಸಂಶೋಧನಾ ವಿದ್ಯಾರ್ಥಿಗೆ ಸಾಹಿತ್ಯ ಸಮೀಕ್ಷೆ: ಓದಿದ್ದನ್ನು ತೂಗಿ ಬರೆಯುವ ಬಗೆ

ವಿಜ್ಞಾನ ವಿಭಾಗದಲ್ಲಿ ಸಂಶೋಧನೆಗೆ ಸೇರಿದ ವಿದ್ಯಾರ್ಥಿಗೆ ಮಾರ್ಗದರ್ಶಕರು ಹೇಳುವ ಮೊದಲ ಕೆಲಸ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಮೊದಲು ಲಿಟರೇಚರ್ ರಿವ್ಯೂ ಮಾಡಿ, ಆಮೇಲೆ ಮಾತಾಡೋಣ. ಇದನ್ನು ಕನ್ನಡದಲ್ಲಿ ಸಾಹಿತ್ಯ ವಿಮರ್ಶೆ ಎಂದರೆ ಕಥೆ, ಕಾವ್ಯಗಳ ವಿಮರ್ಶೆಯೇ ನೆನಪಿಗೆ ಬರುವುದರಿಂದ ಸಾಹಿತ್ಯ ಸಮೀಕ್ಷೆ ಎಂಬ ಮಾತನ್ನು ಬಳಸುತ್ತೇನೆ. ಆದರೆ ಸಮೀಕ್ಷೆ ಎಂಬ ಪದವೂ ಒಂದು ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಡುತ್ತದೆ. ಗಣತಿಯವರು ಮನೆಮನೆಗೆ ಹೋಗಿ ಬರೆದುಕೊಳ್ಳುವಂತೆ, ವಿಷಯದ ಮೇಲೆ ಬಂದಿರುವ ಸಂಶೋಧನಾ ಲೇಖನಗಳನ್ನು ಒಂದೊಂದಾಗಿ ಎಣಿಸಿ, ಒಂದೊಂದಕ್ಕೂ ಒಂದು ಪ್ಯಾರಾ ಬರೆದರೆ ಕೆಲಸ ಮುಗಿಯಿತೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ನಾನು ಓದಿರುವ ಮೊದಲ ಕರಡುಗಳಲ್ಲಿ ಹೆಚ್ಚಿನವು ಹೀಗೆಯೇ ಇದ್ದವು: ಇಂಥವರು ಇಂಥ ವರ್ಷದಲ್ಲಿ ಇದನ್ನು ಅಧ್ಯಯನ ಮಾಡಿದರು, ಮತ್ತೊಬ್ಬರು ಮತ್ತೊಂದು ವರ್ಷದಲ್ಲಿ ಅದನ್ನು ಅಧ್ಯಯನ ಮಾಡಿದರು. ಅಂಥ ಬರಹವನ್ನು ಕೊನೆಯವರೆಗೆ ಓದಿದರೂ, ಆ ಕ್ಷೇತ್ರದಲ್ಲಿ ಈಗ ಯಾವುದು ಖಚಿತ, ಯಾವುದು ಅನುಮಾನ, ಯಾವುದರ ಬಗ್ಗೆ ಜಗಳ ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ.

ಸಮೀಕ್ಷೆಯಲ್ಲಿ ತೂಗಬೇಕಾದದ್ದು ಹೇಳಿಕೆಗಳನ್ನು. ಲೇಖನಗಳು ಆ ಹೇಳಿಕೆಗಳ ಪರವಾಗಿಯೋ ವಿರುದ್ಧವಾಗಿಯೋ ನುಡಿಯುವ ಸಾಕ್ಷಿಗಳು. ಸಾಕ್ಷಿ ಯಾರು, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾರೆಯೋ ಕೇಳಿದ್ದನ್ನು ಹೇಳುತ್ತಿದ್ದಾರೆಯೋ, ಇಬ್ಬರು ಸಾಕ್ಷಿಗಳ ಮಾತು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ವಿಚಾರಿಸುವುದೇ ಸಮೀಕ್ಷೆ ಬರೆಯುವವರ ಕೆಲಸ. ಈ ಕೆಲಸ ಹೊಸದೇನೂ ಅಲ್ಲ. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ್ದ ವೈದ್ಯ ಜೇಮ್ಸ್ ಲಿಂಡ್ 1753ರಲ್ಲಿ, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗದ ಬಗ್ಗೆ ಪ್ರಕಟಿಸಿದ ಗ್ರಂಥವು, ಆ ರೋಗದ ಕುರಿತು ಅದುವರೆಗೆ ಪ್ರಕಟವಾದುದರ ವಿಮರ್ಶಾತ್ಮಕವಾದ ಮತ್ತು ಕಾಲಾನುಕ್ರಮದ ನೋಟವನ್ನು ಒಳಗೊಂಡಿದೆಯೆಂದು ತನ್ನ ಉದ್ದನೆಯ ಶೀರ್ಷಿಕೆಯಲ್ಲೇ ಹೇಳಿಕೊಂಡಿತ್ತು. 1747ರಲ್ಲಿ ನಾವಿಕರ ಮೇಲೆ ಕಿತ್ತಳೆ, ನಿಂಬೆಗಳ ಪ್ರಯೋಗ ಮಾಡಿದ್ದಾತನೇ, ತನ್ನ ಪ್ರಯೋಗವನ್ನು ವಿವರಿಸಿದರೆ ಸಾಲದು, ಹಿಂದಿನವರು ಹೇಳಿದ್ದನ್ನೂ ಸೋಸಬೇಕು ಎಂದುಕೊಂಡಿದ್ದ. ಆತನ ಗ್ರಂಥದಲ್ಲಿ ‘ಕಾಲಾನುಕ್ರಮ’ದ ಜೊತೆಗೆ ‘ವಿಮರ್ಶಾತ್ಮಕ’ ಎಂಬ ಮಾತೂ ಇತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮೊದಲು ಪ್ರಶ್ನೆ

‘ಮೈಕ್ರೋಪ್ಲಾಸ್ಟಿಕ್’ ಎಂಬುದು ವಿಷಯ. ಅದರ ಮೇಲೆ ಸಮೀಕ್ಷೆ ಬರೆಯಲಾಗುವುದಿಲ್ಲ. ‘ಸಮುದ್ರದ ಮೇಲ್ಪದರದಲ್ಲಿರುವ ಪ್ಲಾಸ್ಟಿಕ್ ಕಣಗಳ ಸಂಖ್ಯೆಯ ಬಗ್ಗೆ ಬೇರೆ ಬೇರೆ ಅಧ್ಯಯನಗಳು ಕೊಟ್ಟಿರುವ ಅಂದಾಜುಗಳು ಇಷ್ಟೊಂದು ಭಿನ್ನವಾಗಿರುವುದೇಕೆ?’ ಎಂಬುದು ಪ್ರಶ್ನೆ. ಇದರ ಮೇಲೆ ಬರೆಯಬಹುದು. ಎರಡಕ್ಕೂ ಇರುವ ವ್ಯತ್ಯಾಸವೆಂದರೆ, ಪ್ರಶ್ನೆ ಕೈಯಲ್ಲಿದ್ದಾಗ ಒಂದು ಲೇಖನವನ್ನು ತೆರೆದು ಐದು ನಿಮಿಷದಲ್ಲಿ ಅದು ನಮಗೆ ಬೇಕೋ ಬೇಡವೋ ಎಂದು ಹೇಳಲು ಸಾಧ್ಯವಾಗುತ್ತದೆ. ವಿಷಯ ಮಾತ್ರ ಇದ್ದಾಗ ಎಲ್ಲ ಲೇಖನಗಳೂ ಬೇಕೆನಿಸುತ್ತವೆ, ಕಂಪ್ಯೂಟರಿನಲ್ಲಿ ಪಿಡಿಎಫ್‌ಗಳ ರಾಶಿ ಬೆಳೆಯುತ್ತದೆ, ಬರಹ ಮಾತ್ರ ಮುಂದೆ ಸಾಗುವುದಿಲ್ಲ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಮಾರ್ಗದರ್ಶಕರಿಗೆ ತೋರಿಸಿ. ಅದು ಓದುತ್ತಾ ಹೋದಂತೆ ಬದಲಾಗುತ್ತದೆ, ಬದಲಾಗಲೂ ಬೇಕು. ಆದರೆ ಬದಲಾದಾಗಲೆಲ್ಲ ಹಳೆಯದನ್ನು ಅಳಿಸದೆ, ದಿನಾಂಕ ಹಾಕಿ ಕೆಳಗೆ ಹೊಸದನ್ನು ಬರೆಯಿರಿ. ಮುಂದೊಮ್ಮೆ ಮಹಾಪ್ರಬಂಧದ ಪೀಠಿಕೆ ಬರೆಯುವಾಗ ನಿಮ್ಮ ಆಲೋಚನೆ ನಡೆದು ಬಂದ ದಾರಿ ಅಲ್ಲಿ ಸಿಗುತ್ತದೆ.

ನಿಮ್ಮಿಂದ ಯಾವ ಬಗೆಯ ಸಮೀಕ್ಷೆಯನ್ನು ನಿರೀಕ್ಷಿಸಲಾಗಿದೆ ಎಂಬುದನ್ನೂ ಆರಂಭದಲ್ಲೇ ಕೇಳಿ ತಿಳಿದುಕೊಳ್ಳಿ. ಮಹಾಪ್ರಬಂಧದ ಎರಡನೇ ಅಧ್ಯಾಯವಾಗಿ ಬರುವ ಸಮೀಕ್ಷೆ ಸಾಮಾನ್ಯವಾಗಿ ನಿರೂಪಣಾ ರೂಪದ್ದು. ಯಾವುದನ್ನು ಸೇರಿಸಬೇಕು, ಎಷ್ಟು ವಿಸ್ತರಿಸಬೇಕು ಎಂಬ ನಿರ್ಧಾರ ಬರೆಯುವವರದು. ಕ್ರಮಬದ್ಧ ಸಮೀಕ್ಷೆ, ಅಂದರೆ ಸಿಸ್ಟಮ್ಯಾಟಿಕ್ ರಿವ್ಯೂ, ಬೇರೆಯದೇ ಶಿಸ್ತು. ಎಲ್ಲಿ ಹುಡುಕುತ್ತೇವೆ, ಯಾವುದನ್ನು ಸೇರಿಸುತ್ತೇವೆ, ಯಾವುದನ್ನು ಕೈಬಿಡುತ್ತೇವೆ ಎಂಬುದನ್ನು ಅಲ್ಲಿ ಮೊದಲೇ ಬರೆದಿಟ್ಟು ಅದರಂತೆ ನಡೆಯಬೇಕು, ನಡೆದದ್ದನ್ನು ವರದಿಯಲ್ಲಿ ತೋರಿಸಬೇಕು. 2009ರಲ್ಲಿ ಬಂದು 2020ರ ಆವೃತ್ತಿಯಲ್ಲಿ ಪರಿಷ್ಕೃತಗೊಂಡ ಪ್ರಿಸ್ಮಾ ಮಾರ್ಗಸೂಚಿಯ 27 ಅಂಶಗಳ ಪಟ್ಟಿ ಇದಕ್ಕೆಂದೇ ಇದೆ. ಈ ಕೆಲಸ ಒಬ್ಬರಿಂದ ಆಗುವುದು ಕಷ್ಟ, ಏಕೆಂದರೆ ಆಯ್ಕೆಯನ್ನು ಕನಿಷ್ಠ ಇಬ್ಬರು ಪರಸ್ಪರ ನೋಡದೆ ಮಾಡಿ ಆಮೇಲೆ ಹೋಲಿಸುವುದು ಅಲ್ಲಿನ ರೂಢಿ. ನಿರೂಪಣಾ ಸಮೀಕ್ಷೆ ಬರೆಯುವವರು ಅದಕ್ಕೆ ಕ್ರಮಬದ್ಧ ಎಂಬ ಹೆಸರನ್ನು ಅಂಟಿಸಬಾರದು. ಆದರೆ ಆ ಶಿಸ್ತಿನಿಂದ ಹುಡುಕಾಟದ ದಾಖಲೆ ಇಡುವ ಅಭ್ಯಾಸವನ್ನು ಎರವಲು ಪಡೆಯುವುದರಿಂದ ಲಾಭವೇ ಹೆಚ್ಚು.

ಹುಡುಕುವುದು

ಹುಡುಕಾಟದಲ್ಲಿ ವಿದ್ಯಾರ್ಥಿಗಳು ಎಡವುವ ಮೊದಲ ಜಾಗ ಕೀಲಿಪದಗಳದು. ಇಂದು ನಾವು ಬಳಸುವ ಪದವನ್ನೇ ಹಿಂದಿನವರೂ ಬಳಸಿದ್ದರು ಎಂದು ನಂಬಿ ಹೊರಟರೆ ಹಳೆಯ ಕೆಲಸವೆಲ್ಲ ಕಣ್ತಪ್ಪಿ ಹೋಗುತ್ತದೆ. ಮೈಕ್ರೋಪ್ಲಾಸ್ಟಿಕ್ ಎಂಬ ಪದ ಸಮುದ್ರ ವಿಜ್ಞಾನದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು 2004ರಲ್ಲಿ ಪ್ರಕಟವಾದ ಒಂದು ಚಿಕ್ಕ ಲೇಖನದ ನಂತರ. ಆದರೆ ಸಾರ್ಗ್ಯಾಸೋ ಸಮುದ್ರದ ಮೇಲ್ಮೈಯಲ್ಲಿ ಚದರ ಕಿಲೋಮೀಟರಿಗೆ ಸರಾಸರಿ ಸುಮಾರು 3,500 ಪ್ಲಾಸ್ಟಿಕ್ ತುಣುಕುಗಳಿವೆ ಎಂಬ ವರದಿ 1972ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಹೊಸ ಪದವೊಂದನ್ನೇ ಹಾಕಿ ಹುಡುಕಿದವರು, ಈ ಕ್ಷೇತ್ರವೇ 2004ರಲ್ಲಿ ಹುಟ್ಟಿತೆಂದು ಬರೆದುಬಿಡುವ ಅಪಾಯವಿದೆ. ಆದ್ದರಿಂದ ಹುಡುಕುವ ಮುನ್ನ ಒಂದು ಹಾಳೆಯಲ್ಲಿ ಪ್ರಶ್ನೆಯ ಮುಖ್ಯ ಪರಿಕಲ್ಪನೆಗಳನ್ನು ಬರೆದು, ಪ್ರತಿಯೊಂದರ ಕೆಳಗೆ ಅದರ ಸಮಾನ ಪದಗಳು, ಹಳೆಯ ಹೆಸರುಗಳು, ಸಂಕ್ಷಿಪ್ತ ರೂಪಗಳು, ಕಾಗುಣಿತದ ಭೇದಗಳು ಇವನ್ನೆಲ್ಲ ಪಟ್ಟಿ ಮಾಡಿಕೊಳ್ಳಿ. ಒಂದೇ ಪರಿಕಲ್ಪನೆಯ ಸಮಾನ ಪದಗಳನ್ನು ‘ಆರ್’ ಎಂಬ ಪದದಿಂದ ಜೋಡಿಸಿ ಆವರಣದೊಳಗೆ ಇಟ್ಟು, ಬೇರೆ ಬೇರೆ ಪರಿಕಲ್ಪನೆಗಳ ಆವರಣಗಳನ್ನು ‘ಆಂಡ್’ ಎಂಬ ಪದದಿಂದ ಜೋಡಿಸುವುದು ಬಹುತೇಕ ಎಲ್ಲ ಡೇಟಾಬೇಸ್‌ಗಳಲ್ಲೂ ನಡೆಯುವ ಕ್ರಮ. ‘ನಾಟ್’ ಎಂಬುದನ್ನು ಮಾತ್ರ ಬಹಳ ಎಚ್ಚರದಿಂದ ಬಳಸಬೇಕು. ಬೇಡದ್ದನ್ನು ತೆಗೆಯಲು ಹೋಗಿ ಬೇಕಾದದ್ದನ್ನೂ ಅದು ತೆಗೆದುಹಾಕುತ್ತದೆ, ಮತ್ತು ತೆಗೆದುಹಾಕಿದ್ದು ನಮಗೆ ಕಾಣುವುದೂ ಇಲ್ಲ.

ಜೀವವಿಜ್ಞಾನ, ವೈದ್ಯಕೀಯಗಳಿಗೆ ಪಬ್‌ಮೆಡ್ ಎಂಬ ಡೇಟಾಬೇಸ್ ಇದೆ. ಅಲ್ಲಿ ಲೇಖನಗಳಿಗೆ ‘ಮೆಶ್’ ಎಂಬ ನಿಗದಿತ ವಿಷಯಪದಗಳನ್ನು ಹಚ್ಚಿರುವುದರಿಂದ ಲೇಖಕರು ಯಾವ ಪದ ಬಳಸಿದ್ದರೂ ಆ ವಿಷಯದ ಲೇಖನಗಳು ಸಿಗುವ ಸಾಧ್ಯತೆ ಹೆಚ್ಚು. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನಗಳಲ್ಲಿ 1991ರಿಂದ ನಡೆದುಬಂದಿರುವ ಆರ್ಕೈವ್ (arXiv) ಎಂಬ ಮುದ್ರಣಪೂರ್ವ ಭಂಡಾರವನ್ನು ನೋಡದೆ ಇರಲಾಗದು, ಆದರೆ ಅಲ್ಲಿರುವುದು ತಜ್ಞರ ಪರಿಶೀಲನೆಗೆ ಒಳಗಾಗದ ಪ್ರತಿಯಾಗಿರಬಹುದು ಎಂಬ ನೆನಪಿರಲಿ. ಅದೇ ಲೇಖನ ಮುಂದೆ ಜರ್ನಲ್‌ನಲ್ಲಿ ಬಂದಿದ್ದರೆ ಆ ರೂಪವನ್ನೇ ಓದಿ ಉಲ್ಲೇಖಿಸಬೇಕು. ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳು ಎಲ್ಲ ಶಾಖೆಗಳನ್ನೂ ಒಳಗೊಳ್ಳುತ್ತವೆ, ಆದರೆ ಅವಕ್ಕೆ ಸಂಸ್ಥೆಯ ಚಂದಾ ಬೇಕು. ಗೂಗಲ್ ಸ್ಕಾಲರ್ ಎಲ್ಲರಿಗೂ ಉಚಿತ, ವ್ಯಾಪ್ತಿಯೂ ದೊಡ್ಡದು; ಅದರ ಫಲಿತಾಂಶಗಳ ಕ್ರಮವನ್ನು ನಿರ್ಧರಿಸುವ ಬಗೆ ಹೊರಗಿನವರಿಗೆ ಪೂರ್ತಿ ತಿಳಿಯದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಕನಿಷ್ಠ ಎರಡು ಕಡೆ ಹುಡುಕಿ.

ಕೀಲಿಪದಗಳಿಗಿಂತ ಹೆಚ್ಚಿನ ಫಲ ಕೊಡುವ ದಾರಿ ಮತ್ತೊಂದಿದೆ. ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಮೂರು ನಾಲ್ಕು ಒಳ್ಳೆಯ ಲೇಖನಗಳು ಸಿಕ್ಕಿದ ಮೇಲೆ, ಅವುಗಳ ಕೊನೆಯಲ್ಲಿರುವ ಉಲ್ಲೇಖಪಟ್ಟಿಯನ್ನು ಹಿಡಿದು ಹಿಂದಕ್ಕೆ ಹೋಗಿ. ಆಮೇಲೆ ಆ ಲೇಖನಗಳನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡುತ್ತಾ ಮುಂದಕ್ಕೆ ಬನ್ನಿ. ಹಿಂದಕ್ಕೆ ಹೋಗುವುದು ಯಾವಾಗಲೂ ಸಾಧ್ಯವಿತ್ತು. ಮುಂದಕ್ಕೆ ಬರುವುದು ಸುಲಭವಾದದ್ದು ಯುಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಎಂಬ ಸೂಚಿಯನ್ನು ಹೊರತಂದ ಮೇಲೆ. ಅಂದು ದಪ್ಪ ಸಂಪುಟಗಳಲ್ಲಿ ಬೆರಳಿಟ್ಟು ಹುಡುಕುತ್ತಿದ್ದುದನ್ನು ಇಂದು ‘ಸೈಟೆಡ್ ಬೈ’ ಎಂಬ ಕೊಂಡಿಯನ್ನು ಒತ್ತಿ ನೋಡುತ್ತೇವೆ. ಒಂದು ಫಲಿತಾಂಶವನ್ನು ಆಮೇಲೆ ಯಾರಾದರೂ ಅಲ್ಲಗಳೆದಿದ್ದಾರೆಯೇ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಹುಡುಕಿದ ದಿನ, ಡೇಟಾಬೇಸ್‌ನ ಹೆಸರು, ಹಾಕಿದ ಪದಗಳ ಸಾಲು ಇದ್ದದ್ದಿದ್ದ ಹಾಗೆ, ಬಂದ ಫಲಿತಾಂಶಗಳ ಸಂಖ್ಯೆ, ಉಳಿಸಿಕೊಂಡವುಗಳ ಸಂಖ್ಯೆ ಇಷ್ಟನ್ನು ಒಂದು ಕೋಷ್ಟಕದಲ್ಲಿ ಆಗಿಂದಾಗಲೇ ದಾಖಲಿಸಿ. ಆಮೇಲೆ ಬರೆದಿಡೋಣ ಎಂದವರು ಬರೆದಿಟ್ಟದ್ದನ್ನು ನಾನು ಕಂಡಿಲ್ಲ. ಲೇಖನಗಳನ್ನು ಝೊಟೆರೊ ಅಥವಾ ಮೆಂಡಲೆಯಂಥ, ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶದಲ್ಲಿ ಮೊದಲ ದಿನದಿಂದಲೇ ಸೇರಿಸುತ್ತಾ ಬನ್ನಿ, ಮತ್ತು ಸೇರಿಸಿದಾಗಲೇ ಲೇಖಕರ ಹೆಸರು, ವರ್ಷ, ಡಿಒಐ (ಲೇಖನದ ಶಾಶ್ವತ ಗುರುತು) ಸಂಖ್ಯೆಗಳು ಸರಿಯಾಗಿವೆಯೇ ಎಂದು ನೋಡಿ. ತಂತ್ರಾಂಶ ತಾನಾಗಿ ತುಂಬಿದ ವಿವರಗಳಲ್ಲಿ ತಪ್ಪುಗಳಿರುವುದು ಅಪರೂಪವಲ್ಲ. ಯಾವಾಗ ನಿಲ್ಲಿಸಬೇಕು? ಹೊಸದಾಗಿ ಸಿಗುವ ಲೇಖನಗಳ ಉಲ್ಲೇಖಪಟ್ಟಿಯಲ್ಲಿ ನೀವು ಆಗಲೇ ನೋಡಿದ ಹೆಸರುಗಳೇ ಮತ್ತೆ ಮತ್ತೆ ಬರತೊಡಗಿದಾಗ ನಿಲ್ಲಿಸಬಹುದು.

ಓದುವುದು ಮತ್ತು ಟಿಪ್ಪಣಿ

ಎಲ್ಲ ಲೇಖನಗಳನ್ನೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕಾಗಿಲ್ಲ. ಶೀರ್ಷಿಕೆ, ಸಾರಾಂಶ, ಚಿತ್ರಗಳು ಮತ್ತು ಕೋಷ್ಟಕಗಳನ್ನು ನೋಡಿದರೆ ಅರ್ಧಕ್ಕಿಂತ ಹೆಚ್ಚು ಲೇಖನಗಳನ್ನು ಬದಿಗಿಡಬಹುದು. ಉಳಿದವುಗಳಲ್ಲಿ ವಿಧಾನದ ಭಾಗವನ್ನು ತಪ್ಪದೆ ಓದಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಾರಿಸಿಬಿಡುವುದು ಅದನ್ನೇ, ಸಮೀಕ್ಷೆಗೆ ಜೀವ ಬರುವುದೂ ಅದರಿಂದಲೇ.

ಇದಕ್ಕೆ ಮತ್ತೆ ಅದೇ ಉದಾಹರಣೆಗೆ ಬರುತ್ತೇನೆ. ಸಮುದ್ರದ ನೀರನ್ನು ಸುಮಾರು 0.33 ಮಿಲಿಮೀಟರ್ ಕಣ್ಣಿನ ಬಲೆಯಿಂದ ಸೋಸುವುದು ಮೇಲ್ಪದರದ ಅಧ್ಯಯನಗಳಲ್ಲಿ ಬಹುಕಾಲದಿಂದ ಬಂದ ರೂಢಿ. ಅದಕ್ಕಿಂತ ಚಿಕ್ಕ ಕಣಗಳು, ಅದರಲ್ಲೂ ಸಣ್ಣ ನೂಲೆಳೆಗಳು, ಆ ಬಲೆಯಿಂದ ಜಾರಿ ಹೋಗುತ್ತವೆ. ಬಲೆಯ ಬದಲು ನೀರನ್ನು ನೇರವಾಗಿ ತುಂಬಿ ತಂದು ಸೂಕ್ಷ್ಮ ಶೋಧಕದಲ್ಲಿ ಸೋಸಿದವರಿಗೆ ಅವೂ ಸಿಗುತ್ತವೆ, ಆದರೆ ಅವರು ಪರೀಕ್ಷಿಸಿದ ನೀರಿನ ಪ್ರಮಾಣ ಬಹಳ ಕಡಿಮೆ. ಒಬ್ಬರು ಚದರ ಕಿಲೋಮೀಟರಿಗೆ ಎಷ್ಟೆಂದು ಬರೆದರೆ ಇನ್ನೊಬ್ಬರು ಘನ ಮೀಟರಿಗೆ ಎಷ್ಟೆಂದು ಬರೆಯುತ್ತಾರೆ, ಮತ್ತೊಬ್ಬರು ಸಂಖ್ಯೆಯನ್ನು ಬಿಟ್ಟು ತೂಕವನ್ನು ಕೊಡುತ್ತಾರೆ. ಮೈಕ್ರೋಪ್ಲಾಸ್ಟಿಕ್ ಎಂದರೆ 5 ಮಿಲಿಮೀಟರಿಗಿಂತ ಚಿಕ್ಕದು ಎಂಬ ವ್ಯಾಖ್ಯೆ ಹೆಚ್ಚು ಬಳಕೆಯಲ್ಲಿದ್ದರೂ 1 ಮಿಲಿಮೀಟರಿನ ಗೆರೆ ಎಳೆದವರೂ ಇದ್ದಾರೆ. ಪ್ರಯೋಗಾಲಯದವರ ಬಟ್ಟೆಯಿಂದ ಉದುರಿದ ನೂಲೆಳೆಗಳು ಮಾದರಿಯಲ್ಲಿ ಬೆರೆತಿವೆಯೇ ಎಂದು ತಿಳಿಯಲು ಖಾಲಿ ಮಾದರಿಗಳನ್ನು ಇಟ್ಟು ನೋಡಿದವರಿದ್ದಾರೆ, ನೋಡದವರೂ ಇದ್ದಾರೆ. ಈ ವಿವರಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ತುಂಬಿದವರಿಗೆ, ಎರಡು ಅಧ್ಯಯನಗಳು ಜಗಳವಾಡುತ್ತಿರುವಂತೆ ಕಂಡರೂ ಅವು ಬೇರೆ ಬೇರೆ ವಸ್ತುಗಳನ್ನು ಎಣಿಸಿದ್ದವು ಎಂಬುದು ಹೊಳೆಯುತ್ತದೆ. ಸಾರಾಂಶಗಳನ್ನು ಮಾತ್ರ ಓದಿದವರಿಗೆ ಎಂದೂ ಹೊಳೆಯುವುದಿಲ್ಲ.

ಆ ಕೋಷ್ಟಕವನ್ನು ಹೀಗೆ ಮಾಡಿಕೊಳ್ಳಬಹುದು. ಪ್ರತಿ ಅಡ್ಡಸಾಲು ಒಂದು ಲೇಖನಕ್ಕೆ. ಲಂಬಸಾಲುಗಳಲ್ಲಿ ಲೇಖನದ ಪ್ರಶ್ನೆ, ಬಳಸಿದ ವಿಧಾನ ಮತ್ತು ಉಪಕರಣ, ಮಾದರಿಯ ಗಾತ್ರ, ಮುಖ್ಯ ಫಲಿತಾಂಶ ಅಂಕಿಗಳೊಂದಿಗೆ, ಲೇಖಕರೇ ಒಪ್ಪಿಕೊಂಡ ಮಿತಿಗಳು, ನಿಮಗೆ ಕಂಡ ಮಿತಿಗಳು, ಮತ್ತು ಕೊನೆಯದಾಗಿ, ‘ಇದು ನನ್ನ ಪ್ರಶ್ನೆಗೆ ಏನು ಹೇಳುತ್ತದೆ?’ ಎಂಬುದಕ್ಕೆ ಒಂದೇ ವಾಕ್ಯದ ಉತ್ತರ. ಈ ಕೊನೆಯ ಕಾಲಮ್ ಖಾಲಿ ಉಳಿದರೆ ಆ ಲೇಖನ ಬಹುಶಃ ನಿಮಗೆ ಬೇಕಾಗಿಲ್ಲ. ಟಿಪ್ಪಣಿಯನ್ನು ಲೇಖನವನ್ನು ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆಯಿರಿ. ಮೂಲದ ವಾಕ್ಯವನ್ನೇ ಎತ್ತಿಕೊಂಡಿದ್ದರೆ ಉದ್ಧರಣ ಚಿಹ್ನೆಯೊಳಗೆ ಪುಟಸಂಖ್ಯೆಯೊಂದಿಗೆ ಇಡಿ. ಕೃತಿಚೌರ್ಯದ ಆರೋಪಗಳಲ್ಲಿ ಕೆಲವು ದುರುದ್ದೇಶದಿಂದ ಹುಟ್ಟಿದವಲ್ಲ, ಆರು ತಿಂಗಳ ಹಿಂದಿನ ಟಿಪ್ಪಣಿಯಲ್ಲಿರುವ ವಾಕ್ಯ ತನ್ನದೋ ಮತ್ತೊಬ್ಬರದೋ ಎಂಬುದು ಮರೆತುಹೋದದ್ದರಿಂದ ಹುಟ್ಟಿದವು. ಆರೋಪ ಬಂದಾಗ ಆ ವ್ಯತ್ಯಾಸವನ್ನು ಯಾರೂ ಕೇಳುವುದಿಲ್ಲ.

ಮೂಲಕ್ಕೆ ಹೋಗುವುದು

ಈ ಭಾಗವನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಲ್ಲಿನ ತಪ್ಪು ವಿದ್ಯಾರ್ಥಿಯ ಮಹಾಪ್ರಬಂಧವನ್ನು ದಾಟಿ ಹೊರಗೂ ಹಾನಿ ಮಾಡುತ್ತದೆ.

1980ರಲ್ಲಿ ಅಮೆರಿಕದ ಒಂದು ಪ್ರಮುಖ ವೈದ್ಯಕೀಯ ಪತ್ರಿಕೆಯ ಸಂಪಾದಕರಿಗೆ ಬರೆದ, ಐದೇ ವಾಕ್ಯಗಳ ಒಂದು ಪತ್ರ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದಾಗ ಮಾದಕ ನೋವುನಿವಾರಕಗಳನ್ನು ಒಮ್ಮೆಯಾದರೂ ಪಡೆದ 11,882 ರೋಗಿಗಳ ದಾಖಲೆಗಳಲ್ಲಿ, ಮೊದಲು ವ್ಯಸನವಿರದೆ ಆಮೇಲೆ ವ್ಯಸನಕ್ಕೆ ಬಿದ್ದವರೆಂದು ಸಾಕಷ್ಟು ದಾಖಲಾದವರು ನಾಲ್ವರು ಮಾತ್ರ ಎಂಬುದು ಅದರ ಸಾರ. ಅದು ಆಸ್ಪತ್ರೆಯ ಒಳರೋಗಿಗಳ ಮಾತು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಆ ಪತ್ರ ಏನನ್ನೂ ಹೇಳಿರಲಿಲ್ಲ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ ಈ ಪತ್ರವನ್ನು ಉಲ್ಲೇಖಿಸಿದ 608 ಬರಹಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ. 72ರಷ್ಟು, ಒಪಿಯಾಯ್ಡ್‌ಗಳಿಂದ (ಅಂದರೆ ಈ ಬಗೆಯ ಮಾದಕ ನೋವುನಿವಾರಕಗಳಿಂದ) ವ್ಯಸನ ಅಪರೂಪ ಎಂಬುದಕ್ಕೆ ಸಾಕ್ಷಿಯಾಗಿ ಪತ್ರವನ್ನು ಬಳಸಿದ್ದವು, ಶೇ. 80ಕ್ಕೂ ಹೆಚ್ಚು ಬರಹಗಳು ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರೆಂಬ ವಿಷಯವನ್ನೇ ಹೇಳಿರಲಿಲ್ಲ. ಉತ್ತರ ಅಮೆರಿಕದಲ್ಲಿ ಒಪಿಯಾಯ್ಡ್ ವ್ಯಸನ ಹರಡಲು ಈ ಬಗೆಯ ಉಲ್ಲೇಖಗಳೂ ನೆರವಾದವು ಎಂದು ಆ ವಿಶ್ಲೇಷಕರು ಅಭಿಪ್ರಾಯಪಟ್ಟರು. ಐದು ವಾಕ್ಯಗಳನ್ನು ಓದಲು ಒಂದು ನಿಮಿಷವೂ ಬೇಡ. ಉಲ್ಲೇಖಿಸಿದವರಲ್ಲಿ ಎಷ್ಟು ಜನ ಆ ಒಂದು ನಿಮಿಷವನ್ನು ಕೊಟ್ಟಿದ್ದರೋ ಎಂದು ಯೋಚಿಸಿದರೆ ಮನಸ್ಸಿಗೆ ನೋವಾಗುತ್ತದೆ.

ಇದು ಒಂಟಿ ಪ್ರಕರಣವಲ್ಲ. ಒಂದು ಬಗೆಯ ಸ್ನಾಯುರೋಗಕ್ಕೆ ಒಂದು ನಿರ್ದಿಷ್ಟ ಪ್ರೋಟೀನ್ ಕಾರಣವೆಂಬ ಹೇಳಿಕೆ 242 ಲೇಖನಗಳ ಉಲ್ಲೇಖಜಾಲದಲ್ಲಿ ಹೇಗೆ ಹರಿಯಿತು ಎಂಬುದನ್ನು 2009ರ ಒಂದು ಅಧ್ಯಯನ ಜಾಡು ಹಿಡಿದು ತೋರಿಸಿತು. ಹೇಳಿಕೆಯನ್ನು ಬೆಂಬಲಿಸಿದ ಕೆಲವೇ ಲೇಖನಗಳತ್ತ ಉಲ್ಲೇಖಗಳು ಹರಿದುಹೋಗಿದ್ದವು, ಅದನ್ನು ದುರ್ಬಲಗೊಳಿಸುವ ಫಲಿತಾಂಶಗಳು ಉಲ್ಲೇಖವಿಲ್ಲದೆ ಬದಿಯಲ್ಲಿ ಉಳಿದಿದ್ದವು. ಪ್ರಾಕ್ಕಲ್ಪನೆಯಾಗಿ ಹೊರಟದ್ದು ಉಲ್ಲೇಖದಿಂದ ಉಲ್ಲೇಖಕ್ಕೆ ಸಾಗುವಷ್ಟರಲ್ಲಿ ಸತ್ಯಸಂಗತಿಯ ವೇಷ ತೊಟ್ಟಿತ್ತು.

ಹೀಗಾಗಿ ನಿಯಮ ಸರಳ: ನೀವು ಓದದ ಲೇಖನವನ್ನು ಉಲ್ಲೇಖಿಸಬೇಡಿ. ‘ಇಂಥವರು ಹೀಗೆ ಹೇಳಿದ್ದಾರೆ’ ಎಂದು ಬೇರೆಯವರ ಸಮೀಕ್ಷೆಯಲ್ಲಿ ಕಂಡರೆ ಮೂಲವನ್ನು ತರಿಸಿ, ಆ ಮಾತು ಅದರ ಯಾವ ಪುಟದಲ್ಲಿ, ಯಾವ ಷರತ್ತುಗಳೊಂದಿಗೆ ಬಂದಿದೆ ಎಂದು ನೋಡಿ. ಮೂಲ ಯಾವ ರೀತಿಯಲ್ಲೂ ಸಿಗದಿದ್ದರೆ, ಬೇರೊಬ್ಬರ ಮೂಲಕ ತಿಳಿದದ್ದೆಂದು ಸ್ಪಷ್ಟವಾಗಿ ಬರೆಯಿರಿ. ಭಾಷಾ ಮಾದರಿಗಳನ್ನು ಆಧರಿಸಿದ ಚಾಟ್‌ಬಾಟ್‌ಗಳು ಕೊಡುವ ಉಲ್ಲೇಖಗಳಿಗೂ ಈ ನಿಯಮ ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ; ನಿಜವಾದ ಲೇಖಕರ ಹೆಸರು, ನಿಜವಾದ ಜರ್ನಲ್, ನಂಬುವಂಥ ಶೀರ್ಷಿಕೆ ಎಲ್ಲವೂ ಇದ್ದು, ಅಂಥ ಲೇಖನವೇ ಅಸ್ತಿತ್ವದಲ್ಲಿಲ್ಲದಿರುವ ಸಾಧ್ಯತೆ ಅಲ್ಲಿದೆ. ಹಾಗೆಯೇ ಉಲ್ಲೇಖಿಸುವ ಮುನ್ನ ಲೇಖನವನ್ನು ಪ್ರಕಾಶಕರು ಹಿಂತೆಗೆದುಕೊಂಡಿದ್ದಾರೆಯೇ ಎಂದೂ ನೋಡಬೇಕು. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ನಡುವಿನ ಹನ್ನೆರಡು ವರ್ಷಗಳಲ್ಲಿ ಮುದ್ರಿಸಿಟ್ಟುಕೊಂಡ ಪ್ರತಿಯಲ್ಲಿ ಆ ಸುದ್ದಿ ಇರುವುದಿಲ್ಲ. ಝೊಟೆರೊ ಇಂಥ ಲೇಖನಗಳನ್ನು ಕೆಂಪು ಪಟ್ಟಿಯಿಂದ ಎಚ್ಚರಿಸುತ್ತದೆ. ಆದರೂ ಪ್ರಕಾಶಕರ ಪುಟವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಎಳೆಗಳನ್ನು ಕೂಡಿಸುವುದು

ಕೋಷ್ಟಕ ತುಂಬಿದ ಮೇಲೆ ಅದನ್ನು ಅಡ್ಡಲಾಗಿ ಓದುವುದನ್ನು ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಓದಿ. ಅಡ್ಡಲಾಗಿ ಓದಿದರೆ ಒಂದು ಲೇಖನದ ಕಥೆ ಸಿಗುತ್ತದೆ. ಕೆಳಕ್ಕೆ ಓದಿದರೆ ಕ್ಷೇತ್ರದ ಕಥೆ ಸಿಗುತ್ತದೆ. ಯಾವ ವಿಧಾನ ಬಳಸಿದವರಿಗೆ ಯಾವ ಬಗೆಯ ಫಲಿತಾಂಶ ಬಂದಿದೆ, ಯಾವ ವರ್ಷದ ನಂತರ ಅಂದಾಜುಗಳು ಬದಲಾದವು, ಎಲ್ಲರೂ ಒಪ್ಪಿದ್ದು ಯಾವುದು, ಒಂದೇ ಗುಂಪಿನವರು ಮಾತ್ರ ಮತ್ತೆ ಮತ್ತೆ ಹೇಳಿದ್ದು ಯಾವುದು ಎಂಬ ಪ್ರಶ್ನೆಗಳನ್ನು ಕೇಳುತ್ತಾ ಹೋದಂತೆ ನಾಲ್ಕೈದು ಹೇಳಿಕೆಗಳು ರೂಪುಗೊಳ್ಳುತ್ತವೆ. ನಿಮ್ಮ ಸಮೀಕ್ಷೆಯ ಉಪಶೀರ್ಷಿಕೆಗಳು ಆ ಹೇಳಿಕೆಗಳಿಂದಲೇ ಹುಟ್ಟಬೇಕು. ಹತ್ತು ಅಧ್ಯಯನಗಳಲ್ಲಿ ಏಳು ಪರವಾಗಿವೆ, ಮೂರು ವಿರುದ್ಧವಾಗಿವೆ ಎಂದು ಮತ ಎಣಿಸಿ ತೀರ್ಪು ಕೊಡುವ ಆಸೆ ಆಗುತ್ತದೆ. ಅದಕ್ಕೆ ಒಳಗಾಗಬೇಡಿ; ಚಿಕ್ಕ ಮಾದರಿಯ ಏಳು ದುರ್ಬಲ ಅಧ್ಯಯನಗಳಿಗಿಂತ ಎಚ್ಚರದಿಂದ ಮಾಡಿದ ಒಂದು ದೊಡ್ಡ ಅಧ್ಯಯನ ಹೆಚ್ಚು ತೂಗಬಹುದು.

ಸಂಶೋಧನೆಯ ಕೊರತೆಯನ್ನು ತೋರಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ‘ಈ ವಿಷಯದ ಮೇಲೆ ಇದುವರೆಗೆ ಯಾರೂ ಕೆಲಸ ಮಾಡಿಲ್ಲ’ ಎಂಬ ವಾಕ್ಯ ಅದಕ್ಕೆ ಉತ್ತರವಾಗುವುದಿಲ್ಲ. ಯಾರೂ ಮಾಡದಿರುವುದಕ್ಕೆ ಅದು ಮಾಡಲು ಯೋಗ್ಯವಲ್ಲದಿರುವುದೂ ಕಾರಣವಿರಬಹುದು. ಇದು ತಿಳಿಯದಿರುವುದರಿಂದ ಯಾವ ದೊಡ್ಡ ಪ್ರಶ್ನೆಗೆ ಉತ್ತರ ಸಿಗದೆ ನಿಂತಿದೆ ಎಂಬುದನ್ನು ತೋರಿಸಿದಾಗ ಮಾತ್ರ ಕೊರತೆಗೆ ಅರ್ಥ ಬರುತ್ತದೆ.

ಕೊರತೆಯನ್ನು ಕಾಣುವ ಕಣ್ಣು ಎಂಥದ್ದು ಎಂಬುದಕ್ಕೆ ನನಗೆ ತುಂಬಾ ಇಷ್ಟವಾದ ನಿದರ್ಶನವೊಂದಿದೆ. ಶಿಕಾಗೋ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನಿ ಡಾನ್ ಸ್ವಾನ್ಸನ್ ವೈದ್ಯರಾಗಿರಲಿಲ್ಲ, ಪ್ರಯೋಗವನ್ನೂ ಮಾಡಿರಲಿಲ್ಲ. ಮೀನೆಣ್ಣೆಯು ರಕ್ತದ ಸ್ನಿಗ್ಧತೆಯನ್ನೂ, ಅಂದರೆ ಮಂದತನವನ್ನೂ, ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳು ಅಂಟಿಕೊಳ್ಳುವುದನ್ನೂ ತಗ್ಗಿಸುತ್ತದೆ ಎಂದು ಒಂದು ಗುಂಪಿನ ಲೇಖನಗಳು ಹೇಳಿದ್ದವು. ಬೆರಳುಗಳಿಗೆ ರಕ್ತ ಸರಿಯಾಗಿ ಹರಿಯದ ರೇನೋ ರೋಗದಲ್ಲಿ ಇವೇ ಅಂಶಗಳು ಹೆಚ್ಚಿರುತ್ತವೆ ಎಂದು ಇನ್ನೊಂದು ಗುಂಪಿನ ಲೇಖನಗಳು ಹೇಳಿದ್ದವು. ಈ ಎರಡು ಗುಂಪುಗಳು ಒಂದನ್ನೊಂದು ಉಲ್ಲೇಖಿಸಿರಲಿಲ್ಲ. ಎರಡನ್ನೂ ಓದಿದ ಸ್ವಾನ್ಸನ್, ಮೀನೆಣ್ಣೆ ಈ ರೋಗಿಗಳಿಗೆ ನೆರವಾಗಬಹುದೆಂಬ ಪ್ರಾಕ್ಕಲ್ಪನೆಯನ್ನು 1986ರಲ್ಲಿ ಮುಂದಿಟ್ಟರು. ಮುಂದೆ ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು ಅದಕ್ಕೆ ಸ್ವಲ್ಪಮಟ್ಟಿಗೆ ಬೆಂಬಲ ನೀಡಿತು. ಓದಿನಿಂದಲೇ ಹೊಸ ತಿಳಿವು ಹುಟ್ಟಬಲ್ಲದು. ಆದ್ದರಿಂದ ನಿಮ್ಮ ಕ್ಷೇತ್ರದ ಪಕ್ಕದ ಕ್ಷೇತ್ರದಲ್ಲಿ ಅದೇ ವಿದ್ಯಮಾನಕ್ಕೆ ಬೇರೆ ಹೆಸರಿದೆಯೇ ಎಂದು ಒಂದೆರಡು ದಿನವಾದರೂ ಹುಡುಕಿ.

ಬರೆಯುವುದು

ಪ್ಯಾರಾವನ್ನು ಹೇಗೆ ಕಟ್ಟಬೇಕು ಎಂಬುದನ್ನು ಒಂದು ಕಲ್ಪಿತ ಮಾದರಿಯಿಂದ ತೋರಿಸುತ್ತೇನೆ. ಮೊದಲ ಕರಡಿನಲ್ಲಿ ಹೀಗಿರುತ್ತದೆ: ‘ಕ ತಂಡವು ಬಲೆಯಿಂದ ಮಾದರಿ ಸಂಗ್ರಹಿಸಿ ಕಣಗಳನ್ನು ಎಣಿಸಿತು. ಖ ತಂಡವು ನೀರನ್ನು ಶೋಧಿಸಿ ಹೆಚ್ಚಿನ ಕಣಗಳನ್ನು ಕಂಡಿತು. ಗ ತಂಡವೂ ನೀರನ್ನು ಶೋಧಿಸಿತು.’ ಇದೇ ಸಾಮಗ್ರಿಯನ್ನು ಹೀಗೆ ಬರೆಯಬಹುದು: ‘ಕಣಗಳ ಸಂಖ್ಯೆಯ ಅಂದಾಜು ಮಾದರಿ ಸಂಗ್ರಹಿಸುವ ವಿಧಾನವನ್ನು ಬಹುಮಟ್ಟಿಗೆ ಅವಲಂಬಿಸಿದೆ. ನೀರನ್ನು ನೇರವಾಗಿ ಶೋಧಿಸಿದ ಎರಡು ಅಧ್ಯಯನಗಳು (ಖ, ಗ) ಬಲೆಯನ್ನು ಬಳಸಿದ ಅಧ್ಯಯನಕ್ಕಿಂತ (ಕ) ಹೆಚ್ಚಿನ ಸಂಖ್ಯೆಯನ್ನು ವರದಿ ಮಾಡಿವೆ. ಬಲೆಯ ಕಣ್ಣಿಗಿಂತ ಚಿಕ್ಕ ನೂಲೆಳೆಗಳು ಅಲ್ಲಿ ಎಣಿಕೆಗೆ ಸಿಗದಿರುವುದು ಇದಕ್ಕೆ ಒಂದು ಕಾರಣವಿರಬಹುದು. ಆದರೆ ಗ ಅಧ್ಯಯನದಲ್ಲಿ ಖಾಲಿ ಮಾದರಿಗಳ ಪರೀಕ್ಷೆ ನಡೆದಿಲ್ಲವಾದ್ದರಿಂದ ಅದರ ಹೆಚ್ಚಳವನ್ನು ಪೂರ್ತಿ ಒಪ್ಪಲಾಗದು.’ ಎರಡನೆಯದರಲ್ಲಿ ಮೊದಲ ವಾಕ್ಯ ಬರೆಯುವವರ ಹೇಳಿಕೆ. ಲೇಖನಗಳು ಅದರ ಹಿಂದೆ ಸಾಕ್ಷಿಗಳಾಗಿ ನಿಂತಿವೆ. ಕೊನೆಯಲ್ಲಿ ತೂಕದ ಮಾತು ಬಂದಿದೆ. ಕ್ರಿಯಾಪದಗಳ ಆಯ್ಕೆಯೂ ತೂಕದ ಭಾಗವೇ. ‘ತೋರಿಸಿದೆ’, ‘ಸೂಚಿಸುತ್ತದೆ’, ‘ವಾದಿಸುತ್ತದೆ’, ‘ಊಹಿಸುತ್ತದೆ’ ಎಂಬವು ಒಂದರ ಬದಲು ಒಂದನ್ನು ಇಡಬಹುದಾದ ಪದಗಳಲ್ಲ. ಒಂದೇ ಪ್ರಯೋಗಾಲಯದಲ್ಲಿ ಒಮ್ಮೆ ಕಂಡ ಫಲಿತಾಂಶಕ್ಕೆ ‘ಸಾಬೀತಾಗಿದೆ’ ಎಂದು ಬರೆಯುವ ಅಭ್ಯಾಸವನ್ನು ಮೊದಲ ವರ್ಷದಲ್ಲೇ ಬಿಡಬೇಕು.

ಹಿರಿಯ ವಿಜ್ಞಾನಿಗಳ ಕೆಲಸದ ಮಿತಿಯನ್ನು ಎತ್ತಿ ಹೇಳಲು ಹೊಸಬರಿಗೆ ಅಳುಕಾಗುವುದು ಸಹಜ. ವ್ಯಕ್ತಿಯ ಬಗ್ಗೆ ಮಾತಾಡದೆ ವಿಧಾನದ ಬಗ್ಗೆ ಮಾತಾಡಿದರೆ, ಮಿತಿಯ ಜೊತೆಗೆ ಆ ಕೆಲಸದಿಂದ ದೊರೆತ ಲಾಭವನ್ನೂ ಹೇಳಿದರೆ, ವಿನಯವೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ. ನಿಮ್ಮ ಮಾರ್ಗದರ್ಶಕರದೇ ಲೇಖನವಾಗಿದ್ದರೂ ಇದೇ ಅಳತೆಗೋಲು. ಒಳ್ಳೆಯ ಮಾರ್ಗದರ್ಶಕರು ಅದನ್ನು ನಿಮ್ಮಿಂದ ಬಯಸುತ್ತಾರೆ.

ಓದು ಪೂರ್ತಿ ಮುಗಿದ ಮೇಲೆ ಬರೆಯುತ್ತೇನೆಂದು ಕಾಯಬೇಡಿ. ಹತ್ತು ಲೇಖನಗಳು ಕೋಷ್ಟಕಕ್ಕೆ ಬಂದೊಡನೆ ಒಂದು ಪುಟ ಬರೆಯಿರಿ. ಏನು ತಿಳಿದಿಲ್ಲ ಎಂಬುದು ಬರೆಯುವಾಗಲೇ ಗೊತ್ತಾಗುತ್ತದೆ, ಮುಂದಿನ ಓದಿಗೆ ದಿಕ್ಕು ಸಿಗುತ್ತದೆ. ಪೀಠಿಕೆಯನ್ನು ಕೊನೆಯಲ್ಲಿ ಬರೆಯಿರಿ.

ಕರಡು ಸಿದ್ಧವಾದ ಮೇಲೆ ಒಂದು ವಾರ ಅದನ್ನು ಮುಟ್ಟದೆ ಇಟ್ಟು, ಆಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬೇರೆ ಹಾಳೆಗೆ ಇಳಿಸಿಕೊಳ್ಳಿ. ಆ ವಾಕ್ಯಗಳನ್ನು ಒಂದರ ಕೆಳಗೊಂದು ಓದಿದಾಗ ನಿಮ್ಮ ವಾದ ಎಳೆ ಕಡಿಯದೆ ಸಾಗಬೇಕು. ‘ಇಂಥವರು ಇಂಥ ವರ್ಷದಲ್ಲಿ’ ಎಂದು ಶುರುವಾಗುವ ವಾಕ್ಯಗಳು ಅಲ್ಲಿ ಸಾಲಾಗಿ ನಿಂತಿದ್ದರೆ, ಆ ಪ್ಯಾರಾಗಳನ್ನು ತಿದ್ದುವುದಕ್ಕಿಂತ ಹೇಳಿಕೆಯಿಂದ ಆರಂಭಿಸಿ ಹೊಸದಾಗಿ ಬರೆಯುವುದು ಬೇಗ ಆಗುತ್ತದೆ. ಬಳಿಕ ಪಠ್ಯದಲ್ಲಿರುವ ಪ್ರತಿ ಉಲ್ಲೇಖವೂ ಪಟ್ಟಿಯಲ್ಲಿದೆಯೇ, ಪಟ್ಟಿಯಲ್ಲಿರುವುದೆಲ್ಲ ಪಠ್ಯದಲ್ಲಿದೆಯೇ ಎಂದು ತಾಳೆ ನೋಡಿ, ಅಂಕಿಗಳನ್ನು ಮೂಲ ಲೇಖನದ ಕೋಷ್ಟಕದೊಂದಿಗೆ ಮತ್ತೊಮ್ಮೆ ಹೋಲಿಸಿ, ಕ್ಷೇತ್ರದ ಹೊರಗಿನ ಸಹಪಾಠಿಯೊಬ್ಬರಿಗೆ ಓದಲು ಕೊಡಿ. ಓದಿದ ಮೇಲೆ ಈ ಕ್ಷೇತ್ರದಲ್ಲಿ ಯಾವ ವಿಷಯದ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂದು ಅವರು ಹೇಳಬಲ್ಲರೇ ಎಂದು ಕೇಳಿ. ಸಲ್ಲಿಸುವ ಮುನ್ನ, ಮೊದಲ ದಿನ ದಾಖಲಿಸಿಟ್ಟ ಅದೇ ಪದಗಳ ಸಾಲನ್ನು ಅವೇ ಡೇಟಾಬೇಸ್‌ಗಳಲ್ಲಿ ಹಾಕಿ, ನೀವು ಬರೆಯುತ್ತಿದ್ದ ತಿಂಗಳುಗಳಲ್ಲಿ ಪ್ರಕಟವಾದ ಲೇಖನಗಳನ್ನು ನೋಡಿ, ಬೇಕಾದವನ್ನು ಓದಿ ಸೇರಿಸಿ, ಹುಡುಕಾಟ ನಿಲ್ಲಿಸಿದ ದಿನಾಂಕವನ್ನು ಸಮೀಕ್ಷೆಯಲ್ಲೇ ನಮೂದಿಸಿ.